ಈರಪ್ಪಣ್ಣನ ಪಾಲಿನ ಖೀರು

ನನ್ನ ಆರೋಗ್ಯದ ಬಗ್ಗೆ ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ. ಇನ್ನೊಬ್ಬರ ಆರೋಗ್ಯದ ಬಗ್ಗೆ ಮಾತ್ರ ನನಗೆ ವಿಪರೀತ ಕಾಳಜಿ. ಇದೊಂದು ದೊಡ್ಡ ಗುಣವೆಂದೇ ಬಹಳ ವರ್ಷ ನಂಬಿಕೊಂಡಿದ್ದೆ. ಬಸ್ ಕಂಡಕ್ಟರನಾಗಿ ಇಪ್ಪತ್ತೆರಡು ವರ್ಷ ನಿಂತೇ ಕಳೆದವನಿಗೆ, ಕೂತವರನ್ನು ಕಂಡಕೂಡಲೇ ಏನಾದರೊಂದು ಬುದ್ಧಿ ಹೇಳಬೇಕು ಅನ್ನಿಸುವುದು ಸಹಜವೇ. ಹಳಿಯಾಳ ಬಿಡುತ್ತಲೇ ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿದವರಿಗೆ, ಕರಿದದ್ದು ಒಳ್ಳೆಯದಲ್ಲ ಎಂದು ಟಿಕೆಟ್ಟಿನ ಜೊತೆಗೇ ಹೇಳಿದ್ದೇನೆ. ಮುಂಡಗೋಡದ ಕಡೆಯ ದಪ್ಪನೆಯ ಗೌಡರೊಬ್ಬರಿಗೆ, ದಿನಾ ಒಂದು ಸ್ಟಾಪು ಮೊದಲೇ ಇಳಿದು ನಡೆಯಿರಿ ಎಂದು ಸಲಹೆ ಕೊಟ್ಟಿದ್ದೆ. ಅವರು ಅಲ್ಲೇ ಇಳಿದು, ನನ್ನ ಮೇಲೆ ದೂರು ಕೊಡಲು ಬಸ್ ಸ್ಟ್ಯಾಂಡಿನ ತನಕ ನಡೆದುಕೊಂಡೇ ಹೋದರು. ಸಲಹೆ ಫಲಿಸಿತಲ್ಲ ಎಂದು ನಾನು ಸಮಾಧಾನಪಟ್ಟೆ. ಒಬ್ಬ ಅಜ್ಜಿ ಮಾತ್ರ ನೇರವಾಗಿ ಹೇಳಿದ್ದರು: “ಟಿಕೀಟ ಕೊಡೋ ಯಪ್ಪಾ, ನನ್ನ ಹೊಟ್ಟಿ ನಾ ನೋಡ್ಕೋತೀನಿ.” ಆ ಮಾತನ್ನು ಅವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾನೂ ಈರಪ್ಪಣ್ಣನೂ ನಾಲ್ಕು ವರ್ಷದಿಂದ ಒಂದೇ ಗಾಡಿಯ ಮೇಲಿದ್ದೇವೆ. ಅವನು ಡ್ರೈವರು, ನನಗಿಂತ ಐದು ವರ್ಷ ದೊಡ್ಡವನು, ಹಳಿಯಾಳ ತಾಲೂಕಿನ ರೈತರ ಮನೆಯವನು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ಸ್ಟೇರಿಂಗ್ ಮುಟ್ಟುವವನಲ್ಲ. ಮಾತು ಕಡಿಮೆ. ಹಾರ್ನ್ ಅದಕ್ಕಿಂತ ಕಡಿಮೆ. ಕಾಡಿನ ದಾರಿಯಲ್ಲಿ ಕಾಡುಕೋಣ ಅಡ್ಡ ನಿಂತರೆ ಎಂಜಿನ್ ಬಂದ್ ಮಾಡಿ, ಹಿರಿಯರು ಎದುರಿಗೆ ಬಂದಾಗ ಕೂಡುವಂತೆ ಕೈ ಮಡಿಚಿಕೊಂಡು ಕೂಡುತ್ತಾನೆ. ನಮ್ಮದು ವಸ್ತಿ ಗಾಡಿ. ಅಂದರೆ ಸಂಜೆ ದಾಂಡೇಲಿಯಿಂದ ಹೊರಟು, ಜೊಯಿಡಾ ದಾಟಿ, ಕಾಡಿನೊಳಗಿನ ಒಂದು ಊರು ಮುಟ್ಟಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಶಾಲೆಯ ಮಕ್ಕಳನ್ನು, ಆಸ್ಪತ್ರೆಗೆ ಹೋಗುವವರನ್ನು, ಸಂತೆಗೆ ಗೆಡ್ಡೆ ಗೆಣಸು ಒಯ್ಯುವವರನ್ನು ಹತ್ತಿಸಿಕೊಂಡು ವಾಪಸು ಬರುವ ಗಾಡಿ. ಆ ಊರಿಗೆ ಬರುವ ಬಸ್ಸು ಅದೊಂದೇ. ದಿನ ಬಿಟ್ಟು ದಿನ ನಮ್ಮ ಪಾಳಿ; ನಡುವಿನ ದಿನ ಇನ್ನೊಂದು ಜೋಡಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ನನ್ನಿಂದ ಈಗಾಗಲೇ ಆದದ್ದು ಸಾಕು.

ಅಲ್ಲಿ ಒಂದು ಪದ್ಧತಿ ಇದೆ. ಊರಿನಲ್ಲಿರುವುದು ಹನ್ನೊಂದು ಮನೆ. ವಸ್ತಿ ಗಾಡಿಯ ಇಬ್ಬರಿಗೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಅದಕ್ಕೆ ಅವರು ‘ಗಾಡಿ ಊಟ’ ಎನ್ನುತ್ತಾರೆ. ಯಾರು ಶುರು ಮಾಡಿದರು, ಯಾಕೆ ಶುರು ಮಾಡಿದರು ಎಂದು ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ನಿಲ್ಲುತ್ತದೆ, ಪಾಳಿಯ ಮನೆಯ ಜಗಲಿಯ ಮೇಲೆ ಎರಡು ಚಾಪೆ, ಎರಡು ತಟ್ಟೆ, ಒಂದು ತಂಬಿಗೆ ನೀರು ತಯಾರಿರುತ್ತದೆ. ಅನ್ನ, ಸಾರು, ಸೊಪ್ಪಿನ ಪಲ್ಯ, ಕೊನೆಗೆ ಒಂದು ಬಟ್ಟಲು ಅಕ್ಕಿ ಖೀರು. ಬೆಲ್ಲ, ತೆಂಗಿನಕಾಯಿ ಹಾಲು, ಒಂದಿಷ್ಟು ಏಲಕ್ಕಿ. ಊರಿನವರೆಲ್ಲ ಕೊಂಕಣಿ ಮಾತಾಡುವವರು. ಸಿಹಿಗೆ ‘ಗೋಡ’ ಎನ್ನುತ್ತಾರೆ. ದೊಡ್ಡವರ ಪೈಕಿ ದೇವಕಿ ಆಜಿ ಎಂಬ ಮುದುಕಿಗೆ ಮಾತ್ರ ಜೊಯಿಡಾ ಸಂತೆಯಲ್ಲಿ ಕೂತು ಕೂತು ನಮ್ಮ ಕನ್ನಡ ಚೆನ್ನಾಗಿ ಬರುತ್ತದೆ. “ಬಸಾ, ಬಸಾ,” ಎಂದು ಚಾಪೆ ಜಾಡಿಸಿ ಕೂಡಿಸಿ, “ಗೋಡ ತಿನ್ರಿ, ಗಾಡಿ ಹೊಡದು ದಣದೀರಿ” ಅನ್ನುತ್ತಾಳೆ. ಗಾಡಿ ಹೊಡೆಯುವುದು ಈರಪ್ಪಣ್ಣ, ನಾನು ಬರೀ ಸೀಟಿ ಊದುವವನು ಎಂದು ನಾನು ತಿದ್ದಲು ಹೋಗಲಿಲ್ಲ.

ಹೀಗಿರುವಾಗ ಕಳೆದ ವರ್ಷ ಡಿಪೋದವರು ಮಾಡಿಸಿದ ಆರೋಗ್ಯ ತಪಾಸಣೆಯಲ್ಲಿ ಈರಪ್ಪಣ್ಣನಿಗೆ ಸಕ್ಕರೆ ಕಾಯಿಲೆ ಎಂದಾಯಿತು. ಡಾಕ್ಟರಮ್ಮ ಗುಳಿಗೆ ಬರೆದು, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ರಕ್ತ ನೋಡುತ್ತೇನೆ, ಅಷ್ಟರೊಳಗೆ ಹತೋಟಿಗೆ ಬರದಿದ್ದರೆ ಸ್ಟೇರಿಂಗ್ ಮೇಲೆ ಕೂಡಿಸಬೇಡಿ ಎಂದು ಬರೆದು ಕೊಡಬೇಕಾಗುತ್ತದೆ ಅಂದರು. ಆ ಪರೀಕ್ಷೆ ಮೂರು ತಿಂಗಳ ಸರಾಸರಿ ಹೇಳುವಂಥದ್ದು. ಹಿಂದಿನ ದಿನ ಉಪವಾಸ ಮಾಡಿ ಅದಕ್ಕೆ ಮೋಸ ಮಾಡಲು ಬರುವುದಿಲ್ಲ. ಜೊತೆಗೊಂದು ಹಾಳೆ ಕೊಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ ‘ಚಯಾಪಚಯ ಚೆನ್ನಾಗಿರಲಿ’ ಎಂದಿತ್ತು. ನಾನು ಓದಿ ಹೇಳಿದೆ. ಈರಪ್ಪಣ್ಣ ಕೇಳಿದ: “ಅಂದ್ರ ಏನೋ ತಮ್ಮಾ? ಡೀಸೆಲ್ ಹಾಕ್ತೀವಿ, ಎಂಜಿನ್ನ್ಯಾಗ ಉರ್ಯಾಂಗಿಲ್ಲ, ಪೈಪಿನ್ಯಾಗ ನಿಂತು ಕೆಡತೈತಿ, ಹೌದಲ್ಲ?” ನನ್ನ ಓದಿಗಿಂತ ಅವನ ತಿಳಿವಳಿಕೆ ಮುಂದಿತ್ತು. ಹಾಳೆಯಲ್ಲಿದ್ದದ್ದೆಲ್ಲ ಸಾದಾ ಸಂಗತಿಗಳೇ. ರಾತ್ರಿ ಊಟ ಬೇಗ ಮುಗಿಸಿ, ಉಂಡ ಕೂಡಲೇ ಮಲಗದೆ ಹತ್ತು ಹದಿನೈದು ನಿಮಿಷ ನಡೆಯಿರಿ, ಮೊದಲು ಪಲ್ಯ ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ, ಬಹಳ ಹೊತ್ತು ಕೂತಲ್ಲೇ ಕೂಡಬೇಡಿ, ದಿನಾ ಒಂದೇ ಹೊತ್ತಿಗೆ ಮಲಗಿ ಸಾಕಷ್ಟು ನಿದ್ದೆ ಮಾಡಿ, ಸಿಹಿ ಬಿಡಿ. “ಇಷ್ಟs ಏನು?” ಅಂದ ಈರಪ್ಪಣ್ಣ. ಆದರೆ ಹಾಳೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ, ಮೂರನೆಯ ಸಲಕ್ಕೆ ಕಿಸೆಗೆ ಇಟ್ಟುಕೊಂಡ. ಇಪ್ಪತ್ತಾರು ವರ್ಷ ಘಟ್ಟದ ತಿರುವುಗಳಲ್ಲಿ ಒಮ್ಮೆಯೂ ತಡವರಿಸದ ಕೈ ಅದು.

ಎರಡು ದಿನದ ಮೇಲೆ ಅವನ ಹೆಂಡತಿ, ನನಗೆ ವೈನಿ ಅಂದರೆ ಅತ್ತಿಗೆ, ಫೋನ್ ಮಾಡಿದರು. “ಶಂಕ್ರಣ್ಣಾ, ಮನ್ಯಾಗಿಂದು ನಾ ನೋಡ್ಕೋತೀನಿ. ಚಾಕ್ಕ ಸಕ್ಕರಿ ಬಂದ್ ಮಾಡೀನಿ. ರೊಟ್ಟಿ, ಕಾಳು, ಪಲ್ಲೆ ಅಷ್ಟ. ಆದ್ರ ವಸ್ತಿ ಊರಾಗ ನಾ ಇರಾಂಗಿಲ್ಲಲ್ರಿ. ಅಲ್ಲಿದು ನಿಮ್ಮ ಮ್ಯಾಲ ಹಾಕೀನಿ,” ಅಂದರು. ಫೋನ್ ಇಡುವ ಮೊದಲು, “ಸ್ಟೇರಿಂಗ್ ಬಿಡಿಸಿದ್ರ ಈ ಮನಿಷಾ ಬದುಕೂದಿಲ್ರಿ. ಡಾಕ್ಟರ ಕಡಿಂದ ಬಂದಾಗಿಂದ ಮಾತs ಆಡವಲ್ರು,” ಅಂದರು. ಮೊದಲೂ ಅವನು ಮಾತಾಡುತ್ತಿರಲಿಲ್ಲವಲ್ಲ ಎಂಬ ಚೇಷ್ಟೆ ನಾಲಿಗೆಯ ತುದಿಗೆ ಬಂದಿತ್ತು. ಅವರ ದನಿ ಕೇಳಿ ನುಂಗಿಕೊಂಡೆ. ನನಗೂ ಭಯವಾಯಿತು. ಈರಪ್ಪಣ್ಣನಿಲ್ಲದ ಗಾಡಿಯಲ್ಲಿ ಆ ದಾರಿಯಲ್ಲಿ ಹೋಗುವುದನ್ನು ನಾನು ನೆನೆದೂ ಇರಲಿಲ್ಲ. “ವೈನಿ, ಚಿಂತಿ ಬಿಡ್ರಿ, ಒಂದು ಚಮಚಾನೂ ಅಣ್ಣನ ಹೊಟ್ಟಿಗಿ ಹೋಗಾಕ ಬಿಡಾಂಗಿಲ್ಲ,” ಎಂದು ಮಾತು ಕೊಟ್ಟೆ. ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡೆ ಎನ್ನುವುದೇ ಈ ಕತೆಯ ದುರಂತ.

ಊರಿನವರಿಗೆ ಹೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಈಗ ದಿನಾ ಅದನ್ನೇ ಕೇಳಿಕೊಳ್ಳುತ್ತೇನೆ. ಆದರೆ ಈರಪ್ಪಣ್ಣನಿಗೆ ಒಂದು ಹೆದರಿಕೆ ಇತ್ತು. “ಡ್ರೈವರಗ ರೋಗ ಐತಿ ಅಂದ್ರ ಹುಡುಗೂರನ್ನ ಯಾರ್ ಗಾಡ್ಯಾಗ ಕಳಸ್ತಾರೋ?” ಎನ್ನುವುದು ಅವನ ಮಾತು. ನನಗೆ ಇನ್ನೊಂದು ಹೆದರಿಕೆ. ಹನ್ನೊಂದು ಮನೆಯ ಪಾಳಿಯಲ್ಲಿ, ಇಂದು ಈ ಮನೆಯ ಬಟ್ಟಲು ಬೇಡ ಎಂದರೆ ನಾಳೆ ಬೆಳಿಗ್ಗೆ ನೀರು ತರುವ ಹೊತ್ತಿಗೆ ಹತ್ತು ಮನೆಗೆ ಗೊತ್ತಾಗುತ್ತದೆ. ಆ ಮನೆಯ ಅಡುಗೆಯಲ್ಲಿ ಏನು ಕೊರತೆಯಿತ್ತು ಎಂದು ಮಾತು ಹುಟ್ಟುತ್ತದೆ. ಬಡವರ ಮನೆಯ ಊಟ ಬಿಟ್ಟೆದ್ದರು ಎನ್ನಿಸಿಕೊಳ್ಳುವುದಕ್ಕಿಂತ ಉಪಾಯ ಮಾಡುವುದು ವಾಸಿ ಎಂದು ನಾನೇ ಒಂದು ಉಪಾಯ ಹೂಡಿದೆ.

ಉಪಾಯ ಬಹಳ ಸರಳ. ಮೊದಲ ದಿನ ದೇವಕಿ ಆಜಿಯ ಮನೆಯ ಪಾಳಿ. ಖೀರು ಬಡಿಸಿ ಆಜಿ ಒಳಗೆ ಹೋದಳು. ಈರಪ್ಪಣ್ಣ ಬಟ್ಟಲು ನೋಡಿದ, ನನ್ನನ್ನು ನೋಡಿದ. ನಾನು ಅವನ ಬಟ್ಟಲನ್ನು ಎತ್ತಿ ನಾಲ್ಕು ಗುಟುಕಿನಲ್ಲಿ ಮುಗಿಸಿ, ಖಾಲಿ ಬಟ್ಟಲನ್ನು ಅವನ ಮುಂದೆ ಇಟ್ಟು, ನಂತರ ನನ್ನ ಬಟ್ಟಲನ್ನು ಸಭ್ಯವಾಗಿ, ನಿಧಾನವಾಗಿ ತಿನ್ನಲು ಕುಳಿತೆ. ಆಜಿ ಹೊರಗೆ ಬಂದು ನೋಡಿದಾಗ ಡ್ರೈವರನ ಬಟ್ಟಲು ಚೊಕ್ಕಟ, ಕಂಡಕ್ಟರನದು ಇನ್ನೂ ತುಂಬಿದೆ. ಅವಳ ಮುಖ ಅರಳಿತು. “ಡ್ರೈವರ ಸಾಹೇಬ್ರಿಗಿ ಗೋಡ ಭಾಳ ಸೇರ್ತದ!” ಎಂದು ಇನ್ನೊಂದು ಸೌಟು ಹಾಕಿದಳು. ಅದನ್ನೂ ನಾನೇ ತಿನ್ನಬೇಕಾಯಿತು. ಮುಂದಿನ ಪಾಳಿಯ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಅಲ್ಲಿ ಈರಪ್ಪಣ್ಣನಿಗೆ ದೊಡ್ಡ ಬಟ್ಟಲು. ಅದರಾಚೆಯ ಮನೆಯಲ್ಲಿ ಖೀರಿನ ಜೊತೆಗೆ ಅರಿಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬು. ತಿಂಗಳು ತುಂಬುವುದರೊಳಗೆ ಹನ್ನೊಂದು ಮನೆಯಲ್ಲೂ ಡ್ರೈವರ್ ಸಾಹೇಬರ ಸಿಹಿಯ ಹುಚ್ಚು ಪ್ರಸಿದ್ಧವಾಗಿ, ಒಂದು ಮನೆಗಿಂತ ಇನ್ನೊಂದು ಮನೆ ಹೆಚ್ಚು ಬೆಲ್ಲ ಸುರಿಯತೊಡಗಿತು. ಈರಪ್ಪಣ್ಣ ಪಲ್ಯ ತಿಂದು, ಕಾಳಿನ ಸಾರಿಗೆ ಎರಡು ತುತ್ತು ಅನ್ನ ಕಲಸಿಕೊಂಡು, ಗಂಭೀರವಾಗಿ ಕೂತು ನನ್ನ ಕೆಲಸ ಮುಗಿಯುವುದನ್ನು ಕಾಯುತ್ತಿದ್ದ.

ಉಂಡ ಮೇಲೆ ಅವನು ಊರ ಶಾಲೆಯ ತನಕ ಹೋಗಿ ಬರುತ್ತಿದ್ದ. ಹಾಳೆಯಲ್ಲಿ ಹದಿನೈದು ನಿಮಿಷ ಎಂದಿತ್ತು. ಇವನು ಅರ್ಧ ತಾಸು ನಡೆಯುತ್ತಿದ್ದ. ನನಗೆ ಏಳಲಿಕ್ಕೇ ಆಗುತ್ತಿರಲಿಲ್ಲ. ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಕಾಲು ಚಾಚಿ, ಅವನು ಕಿಟಕಿಯ ಕೆಳಗೆ ಹಾದುಹೋಗುವಾಗಲೆಲ್ಲ, “ಅಣ್ಣಾ, ಕೈ ಬೀಸಿ ನಡಿ, ಉಸಿರು ಜೋರ ತಗೋ,” ಎಂದು ಹೇಳಿಕೊಡುತ್ತಿದ್ದೆ. ಇನ್ನೊಬ್ಬರನ್ನು ನಡೆಸುವುದೂ ಒಂದು ಶ್ರಮ ಎಂದು ನನಗೆ ಆಗ ಪ್ರಾಮಾಣಿಕವಾಗಿ ಅನ್ನಿಸುತ್ತಿತ್ತು. ಅವನು ಬೇಗ ಮಲಗಿ, ಕೋಳಿ ಕೂಗುವ ಮೊದಲೇ ಎದ್ದು, ಬಾವಿಯ ನೀರು ತಾನೇ ಸೇದಿ ಸ್ನಾನ ಮಾಡಿ ಪೂಜೆಗೆ ಕೂಡುತ್ತಿದ್ದ. ನಾನು ಎದ್ದರೂ ತಲೆ ಭಾರ, ಬಾಯಿ ಒಣ. ದಾಂಡೇಲಿಯ ಮನೆಯಲ್ಲಿ ನನ್ನ ಹೆಂಡತಿ ಖಾಕಿ ಪ್ಯಾಂಟಿನ ಹುಕ್ಕು ಎರಡು ಸಲ ಸರಿಸಿ ಹೊಲಿದು, “ಈರಪ್ಪಣ್ಣಾರು ಇಳ್ಯಾಕತ್ತಾರ ಅಂತೀರಿ, ನೀವ್ಯಾಕ ಏರಾಕತ್ತೀರಿ?” ಎಂದು ಕೇಳಿದಳು. “ಪರೋಪಕಾರ,” ಅಂದೆ. ಅವಳು ಹುಕ್ಕಿಗೆ ಇನ್ನೊಂದು ಸುತ್ತು ದಾರ ಬಿಗಿದಳು.

ಮೂರು ತಿಂಗಳಾದ ಮೇಲೆ ಇಬ್ಬರೂ ಕೂಡಿಯೇ ಡಾಕ್ಟರಮ್ಮನ ಹತ್ತಿರ ಹೋದೆವು. ಈರಪ್ಪಣ್ಣ ಹಣೆಗೆ ವಿಭೂತಿ ಎಂದಿಗಿಂತ ದಟ್ಟವಾಗಿ ಹಚ್ಚಿಕೊಂಡಿದ್ದ. ಆಸ್ಪತ್ರೆಯ ಬಾಕಿನ ಮೇಲೆ ಕೂತು, ಹಿಂದಿನ ದಿನ ಅವನು ಕೊಟ್ಟ ರಕ್ತದ ಚೀಟಿ ಬರುವ ತನಕ ನಮ್ಮಿಬ್ಬರ ನಡುವೆ ಒಂದೇ ಒಂದು ಮಾತಾಯಿತು. “ಆಗಲಿಲ್ಲ ಅಂದ್ರ ನೀನs ನಿಮ್ಮ ವೈನಿಗಿ ಫೋನ್ ಮಾಡಿ ಹೇಳು ತಮ್ಮಾ, ನನ್ನ ಕೈಲಿ ಆಗೂದಿಲ್ಲ,” ಅಂದ. ಆಮೇಲೆ ಡಾಕ್ಟರಮ್ಮ ಚೀಟಿ ನೋಡಿ, ಕನ್ನಡಕ ತೆಗೆದು, ಈರಪ್ಪಣ್ಣನನ್ನು ನೋಡಿ ನಕ್ಕರು. “ಹಿಂಗs ನಡೆಸ್ಕೊಂಡು ಹೋಗ್ರಿ. ಗುಳಿಗಿ ಬಿಡಬ್ಯಾಡ್ರಿ. ಗಾಡಿ ಹೊಡೀರಿ,” ಅಂದರು. ಈರಪ್ಪಣ್ಣ ಎರಡೂ ಕೈ ಮುಗಿದ. ಕಣ್ಣು ಒರೆಸಿಕೊಂಡದ್ದು ಅವನಲ್ಲ, ನಾನು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಆದರೆ ಸಂತೋಷದ ಭರದಲ್ಲಿ, “ನಂದೂ ಒಂದು ನೋಡಿಬಿಡ್ರಿ ಮೇಡಮ್ಮಾರ, ಆದದ್ದು ಆಗ್ಲಿ,” ಎಂದು ಅಂಗಿಯ ತೋಳು ಮಡಿಚಿ ಕೈ ಮುಂದೆ ಚಾಚಿದೆ.

ಮರುದಿನ ನನ್ನ ಚೀಟಿ ಬಂತು. ಡಾಕ್ಟರಮ್ಮ ಈ ಸಲ ಕನ್ನಡಕ ತೆಗೆಯಲಿಲ್ಲ. “ದಿನಾ ಏನು ತಿಂತೀರಿ ನೀವು?” ಎಂದು ಕೇಳಿದರು. “ನಂದೇನೂ ಹೆಚ್ಚಿಲ್ರಿ, ಇವರದು ತಿಂತೀನಿ,” ಎಂದು ಈರಪ್ಪಣ್ಣನನ್ನು ತೋರಿಸಿದೆ. ಪೂರ್ತಿ ಕೇಳಿಸಿಕೊಂಡ ಮೇಲೆ ಅವರು ನಗಲಿಲ್ಲ. ನನಗೂ ಸಕ್ಕರೆ ಕಾಯಿಲೆ, ಅದು ಮೂರು ತಿಂಗಳಿನಲ್ಲೇ ಹುಟ್ಟಿದ್ದಲ್ಲ, ಮೊದಲಿನಿಂದಲೂ ನನ್ನ ಕಡೆಗೇ ಹೊರಟಿತ್ತು, ನಾನು ಎದುರು ಹೋಗಿ ಕೈಹಿಡಿದು ಮನೆಗೆ ಕರೆದುಕೊಂಡು ಬಂದೆ ಎನ್ನುವ ಅರ್ಥದಲ್ಲಿ ಏನೋ ಹೇಳಿದರು. ಅದೇ ಹಾಳೆಯ ಇನ್ನೊಂದು ಪ್ರತಿ ನನ್ನ ಕೈಗೆ ಬಂತು. ಓದಿ ಹೇಳಲು ಈ ಸಲ ಯಾರೂ ಬೇಕಾಗಿರಲಿಲ್ಲ, ನನಗದು ಬಾಯಿಪಾಠವಾಗಿತ್ತು. ಹೊರಗೆ ಬಂದ ಮೇಲೆ ಈರಪ್ಪಣ್ಣ ನನ್ನ ಕೈಯ ಹಾಳೆಯನ್ನು ತೆಗೆದುಕೊಂಡು, ಮಡಿಚಿ ನನ್ನ ಕಿಸೆಗೆ ಇಟ್ಟ. “ನನ್ನ ಸಲುವಾಗಿ ಯಾಕ ಮಾಡ್ದಿ ಅಂತ ಕೇಳಾಂಗಿಲ್ಲ,” ಅಂದ. “ಆದ್ರ ನಾಳೆ ಊರಿಗಿ ಹೋಗಿ ಖರೇ ಹೇಳೂಣು. ಹುಡುಗೂರನ್ನ ಕಳಸ್ತಾರೋ ಇಲ್ಲೋ, ಅವರಿಗಿ ಬಿಟ್ಟದ್ದು.”

ಮರುದಿನ ದೇವಕಿ ಆಜಿಯ ಮನೆಯ ಪಾಳಿಯೇ ಇತ್ತು. ಜಗಲಿಯ ಮೇಲೆ ಕೂಡುವ ಮೊದಲೇ ಈರಪ್ಪಣ್ಣ ಹೇಳಿಬಿಟ್ಟ: “ಆಜಿ, ನನಗ ಸಕ್ಕರಿ ರೋಗ ಐತಿ. ಔಷಧ ತಗೋತೀನಿ, ಈಗ ಹತೋಟ್ಯಾಗ ಐತಿ. ಆದ್ರ ನಿಮ್ಮ ಗೋಡ ಈ ಮೂರು ತಿಂಗಳಾಗ ನಾ ಒಂದ ದಿನಾನೂ ತಿಂದಿಲ್ಲ. ಎಲ್ಲಾ ಈ ಶಂಕ್ರ್ಯಾ ತಿಂದಾನ.” ಇಷ್ಟು ಉದ್ದದ ಮಾತನ್ನು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು, ಅದೂ ನನ್ನ ವಿರುದ್ಧದ ಸಾಕ್ಷಿ. ಆಜಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, “ಕಾಣ್ತದ,” ಅಂದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ಸಿಟ್ಟಾಗಲಿಲ್ಲ. ಕಂಬಕ್ಕೆ ಒರಗಿ ನಿಂತು, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಹಳ ಮೆಲ್ಲಗೆ ಕೇಳಿದಳು: “ಹಂಗಾರ ಗೋಡ ಇಲ್ಲದಿದ್ರೂ ಗಾಡಿ ಬರ್ತದ?”

ನಮಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬಹಳ ವರ್ಷದ ಹಿಂದೆ ಇಲ್ಲಿ ವಸ್ತಿ ನಿಲ್ಲುತ್ತಿದ್ದ ಜೋಡಿಗೆ ಇವರು ಮನೆಯಲ್ಲಿದ್ದ ಅಂಬಲಿ, ಬೇಯಿಸಿದ ಗೆಡ್ಡೆ, ಸೊಪ್ಪು ಕೊಟ್ಟಿದ್ದರಂತೆ. ಇದೇನು ಊಟ ಎಂದು ಅವರು ಗಾಡಿಯನ್ನು ಕೆಳಗಿನ ಊರಿನಲ್ಲೇ ನಿಲ್ಲಿಸಲು ಶುರುಮಾಡಿದರಂತೆ. ಆಜಿಯ ಮಗಳು ಆಗ ಎಂಟನೆಯ ಈಯತ್ತೆ. ಬೆಳಿಗ್ಗೆ ಕತ್ತಲೆಯಲ್ಲಿ ಕಾಡಿನ ದಾರಿ ನಡೆದು ಹೋಗಲಾಗದೆ ಅವಳ ಶಾಲೆ ಅಲ್ಲಿಗೇ ನಿಂತಿತು. ಗಾಡಿ ಮತ್ತೆ ಮೇಲೆ ಬಂದಾಗ ಹನ್ನೊಂದು ಮನೆಯವರೂ ಕೂತು ಮಾತಾಡಿಕೊಂಡು, ಗಾಡಿಯವರಿಗೆ ದಿನಾ ಅನ್ನ, ದಿನಾ ಗೋಡ ಎಂದು ಗೊತ್ತು ಮಾಡಿದರು. ಪ್ರತಿ ಮನೆಯಲ್ಲೂ ಗಾಡಿಯ ಬೆಲ್ಲದ ಡಬ್ಬಿ ಬೇರೆ. “ನಾವು ಹೊತ್ತು ಮುಳಗೂದ್ರಾಗ ಅಂಬಲಿ ಗೆಡ್ಡಿ ತಿಂದು, ಕೆಲಸ ಮುಗಿಸಿ ಮಲಗೂ ಮಂದಿ. ಗೋಡ ನಮಗ ಹಬ್ಬಕ್ಕ ಅಷ್ಟ,” ಅಂದಳು ಆಜಿ. ಡಾಕ್ಟರಮ್ಮನ ಹಾಳೆಯಲ್ಲಿದ್ದದ್ದೆಲ್ಲ ಆ ಮನೆಯ ಒಳಗಡೆ ನಡೆಯುತ್ತಿತ್ತು. ನಾವಿಬ್ಬರೂ ಹೊರಗಿನ ಜಗಲಿಯಲ್ಲಿ ಕೂತಿದ್ದೆವು.

ನನಗೆ ನಾಚಿಕೆಯಾಯಿತು. ಅವರು ಮನಸ್ಸಿಗೆ ಹಚ್ಚಿಕೊಂಡಾರು ಎಂದು ನಾವು ಹೆದರಿದ್ದೆವು. ಗಾಡಿ ನಿಂತೀತು ಎಂದು ಅವರು ಹೆದರಿದ್ದರು. ಇಬ್ಬರ ಹೆದರಿಕೆಯ ನಡುವೆ ಅಷ್ಟು ಬೆಲ್ಲ ಕರಗಿತ್ತು. ಈರಪ್ಪಣ್ಣ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಆಜಿ, ನಾ ಸ್ಟೇರಿಂಗ್ ಮ್ಯಾಲ ಇರೂತನಕ ಗಾಡಿ ಇದs ಜಗಲಿ ಮುಂದ ನಿಲ್ತೈತಿ. ನಿಮಗ ಏನ್ ಐತಿ, ನಮಗೂ ಅದನ್ನ ಕೊಡ್ರಿ,” ಅಂದ. ಆಜಿ ತಲೆಯಾಡಿಸಿ ಒಳಗೆ ಹೋದಳು. ಬರುವಾಗ ತಟ್ಟೆಯಲ್ಲಿ ಬೇಯಿಸಿದ ಗೆಡ್ಡೆಯ ಎರಡು ಹೋಳು, ಸೊಪ್ಪು, ಹಸಿಮೆಣಸಿನ ಚಟ್ನಿ, ಒಂದು ಬಟ್ಟಲು ಅಂಬಲಿ. ಚೆನ್ನಾಗಿತ್ತು. ನನ್ನಂಥವನೂ ಚೆನ್ನಾಗಿತ್ತು ಎನ್ನುವಷ್ಟು ಚೆನ್ನಾಗಿತ್ತು.

ಆದರೆ ಆ ದಿನದ ಖೀರು ಆಗಲೇ ಕುದಿದು ತಯಾರಾಗಿತ್ತಲ್ಲ. ಆಜಿ ಒಳಗೆ ನೋಡಿ ಮೊಮ್ಮಗಳು ಸುಗಂಧಾಳನ್ನು ಕರೆದಳು. ಒಂಬತ್ತನೆಯ ಈಯತ್ತೆಯ ಹುಡುಗಿ. ನಮ್ಮ ಪಾಳಿಯ ಬೆಳಗುಗಳಲ್ಲೆಲ್ಲ ಅವಳ ಪಾಸು ನೋಡುವವನು ನಾನೇ. ಈ ನಾಲ್ಕು ವರ್ಷದಲ್ಲಿ ನಾವು ಉಣ್ಣುವ ಹೊತ್ತಿಗೆ ಅವಳು ಆ ಮನೆಯಲ್ಲಿ ಎಲ್ಲಿರುತ್ತಾಳೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಬಂದು ನನ್ನ ಪಕ್ಕದ ಚಾಪೆಯ ತುದಿಯಲ್ಲಿ ಕೂತು, ಡ್ರೈವರ್ ಸಾಹೇಬರ ದೊಡ್ಡ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಎತ್ತದೆ ತಿನ್ನತೊಡಗಿದಳು. ಬಟ್ಟಲಿನ ಅಂಚನ್ನು ಬೆರಳಿನಿಂದ ಸವರಿ ನೆಕ್ಕಿದಳು. ಮೂರು ತಿಂಗಳು ಈರಪ್ಪಣ್ಣನ ಪಾಲು ತಿನ್ನುತ್ತಿದ್ದೇನೆಂದು ವೈನಿಯ ಮುಂದೆ, ಹೆಂಡತಿಯ ಮುಂದೆ, ಡಾಕ್ಟರಮ್ಮನ ಮುಂದೆ ಹೇಳಿಕೊಂಡಿದ್ದೆ. ನಾನು ತಿಂದದ್ದು ಯಾರ ಪಾಲು ಎನ್ನುವುದು ಈಗ ಪಕ್ಕದಲ್ಲೇ ಕೂತಿತ್ತು.

ಅರ್ಧ ತಿಂದಾದ ಮೇಲೆ ಹುಡುಗಿ ತಟ್ಟನೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. ನಾನು ಅವಳ ಬಟ್ಟಲನ್ನೇ ನೋಡುತ್ತ ಕೂತಿದ್ದೆನಂತೆ. “ಕಾಕಾ, ನಿಮಗ ಬೇಕೇನ್ರಿ?” ಎಂದು ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು. “ಬ್ಯಾಡವ್ವಾ, ನೀ ತಿನ್ನು,” ಅಂದೆ. ಆ ಊರಿನ ಜಗಲಿಯ ಮೇಲೆ ನನ್ನ ಬಾಯಿಂದ ಬಂದ ಮೊದಲನೆಯ ‘ಬೇಡ’ ಅದು. ಮನಸಾರೆ ಹೇಳಿದೆ. ಹೇಳುವಾಗ ಬಾಯಲ್ಲಿ ನೀರೂರಿದ್ದರಿಂದ ಮಾತು ಸ್ವಲ್ಪ ತಡವರಿಸಿತು, ಅಷ್ಟೆ.